ಬೇವಿನ ಬುಡಕ್ಕೆ ಬಂದ ಮೂರು ಶಾಸ್ತ್ರ

ಮಿರಗದ ಮಳೆ ಎರಡು ಸಲ ಹದವಾಗಿ ಬಿದ್ದರೆ ಸಾಕು, ಠಾಣಾ ಕುಶನೂರಿನ ಬೀಜ-ಗೊಬ್ಬರದ ಅಂಗಡಿಗಳ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಸುತ್ತಲಿನ ಹಳ್ಳಿ, ತಾಂಡಾಗಳಿಂದ ಬಂದ ಟಂಟಂಗಳೂ ಟ್ರ್ಯಾಕ್ಟರುಗಳೂ ಅರ್ಧ ರಸ್ತೆ ನುಂಗಿರುತ್ತವೆ. ಮಾತು ಕನ್ನಡದಲ್ಲಿ ಹೊರಟು, ಮರಾಠಿಯಲ್ಲಿ ಹೊರಳಿ, ರೊಕ್ಕದ ಲೆಕ್ಕ ಬಂದಾಗ ಹಿಂದಿಯೋ ಉರ್ದುವೋ ಆಗಿ ಮುಗಿಯುತ್ತದೆ. "ಸೋಯಾ ಬೀಜ ಬಂದದೇನ್ರೀ ದಾದಾ?" ಎಂದು ಒಬ್ಬ ಕೇಳಿದರೆ, ಇನ್ನೊಬ್ಬ ಆಧಾರ್ ಕಾರ್ಡು ಹಿಡಿದು ಬೆರಳು ಒತ್ತುವ ಯಂತ್ರದ ಮುಂದೆ ನಿಂತಿರುತ್ತಾನೆ. ಹೊಲದ ಕೆಲಸಕ್ಕೆ ಸವೆದ ಹೆಬ್ಬೆಟ್ಟನ್ನು ಯಂತ್ರ ಒಂದೇ ಸಲಕ್ಕೆ ಗುರುತು ಹಿಡಿಯುವುದು ಅಪರೂಪ. ಧೋತರದ ಸೆರಗಿಗೆ ಒರಸಿ ಮತ್ತೆ ಒತ್ತಬೇಕು.

ಬೀದರ ನಗರದ ಕೆಂಪು ಮುರುಮಿನ ನೆಲ ಈ ಕಡೆ ಬಂದರೆ ಸಿಗುವುದಿಲ್ಲ. ಔರಾದ, ಕಮಲನಗರದ ಸೀಮೆಯೆಲ್ಲ ಎರಿ ಹೊಲ. ಮಳೆ ಬಿದ್ದ ಮೇಲೆ ಚಪ್ಪಲಿಗೆ ಅಂಟಿದ ಮಣ್ಣೇ ಒಂದೊಂದು ಸೇರು ತೂಗುತ್ತದೆ. ಮೊದಲು ಔರಾದ ತಾಲ್ಲೂಕಿನಲ್ಲಿದ್ದ ಕುಶನೂರು ಈಗ ಕಮಲನಗರ ತಾಲ್ಲೂಕಿಗೆ ಸೇರಿದೆ. ಕಚೇರಿಯ ದಾರಿ ಬದಲಾಯಿತು, ಬೆಳೆ ಬದಲಾಗಲಿಲ್ಲ. ಹೆಸರು, ಉದ್ದು, ಸೋಯಾ, ತೊಗರಿ. ಹಿಂಗಾರಿಗೆ ಬಿಳಿಜೋಳ, ಕಡಲೆ.

ಅಂಗಡಿಯೊಳಗೆ ಅಟ್ಟಿ ಹಚ್ಚಿದ ಯೂರಿಯಾ ಚೀಲಗಳಲ್ಲಿ ಒಂದರ ಹೊಲಿಗೆ ಬಿಚ್ಚಿತ್ತು. ವಯಸ್ಸಾದ ರೈತನೊಬ್ಬ ಒಂದು ಚಿಟಿಕೆ ಕಾಳು ಅಂಗೈಯಲ್ಲಿ ಹಾಕಿಕೊಂಡು, ತಿಕ್ಕಿ ಮೂಗಿಗೆ ಹಿಡಿದ. "ಬೇವಿನ ವಾಸನಿ ಬರ್ತದ," ಎಂದು ಪಕ್ಕದವನ ಮೂಗಿಗೂ ಹಿಡಿದ. ಚೀಲದ ಮೇಲೆಯೂ ಅದನ್ನೇ ಅಚ್ಚು ಹಾಕಿದ್ದಾರೆ: ಬೇವು ಲೇಪಿತ, 45 ಕಿಲೋ. ಮೊದಲು 50 ಕಿಲೋ ಇದ್ದ ಚೀಲ 2018ರಿಂದ 45ಕ್ಕೆ ಇಳಿಯಿತು. ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಹಚ್ಚಲೇಬೇಕೆಂಬ ಆದೇಶ ಬಂದದ್ದು 2015ರಲ್ಲಿ. ಒಂದು ಟನ್ನಿಗೆ ಬೇಕಾಗುವುದು ಅರ್ಧ ಕಿಲೋ ಆಸುಪಾಸು ಎಣ್ಣೆ.

ಇದರ ಹಿಂದಿನ ರಸಾಯನಶಾಸ್ತ್ರ ಕಷ್ಟದ್ದೇನಲ್ಲ. ಮಣ್ಣಿಗೆ ಬಿದ್ದ ಯೂರಿಯಾ ಮೊದಲು ಅಮೋನಿಯಂ ಆಗುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ನೀರಿನ ಜೊತೆ ಜಾರಿ ಬೇರಿಗೆ ಎಟುಕದಷ್ಟು ಕೆಳಗೆ ಹೋಗುತ್ತದೆ. ಬೇವಿನ ಕಹಿ ಆ ಸೂಕ್ಷ್ಮಜೀವಿಗಳ ಕೈ ಕಟ್ಟುತ್ತದೆ, ಗೊಬ್ಬರ ಬೆಳೆಗೆ ಹೆಚ್ಚು ದಿನ ಸಿಗುತ್ತದೆ. ಸರ್ಕಾರಕ್ಕೆ ಇನ್ನೊಂದು ಲೆಕ್ಕವೂ ಇತ್ತು. ಸಹಾಯಧನದ ಅಗ್ಗದ ಯೂರಿಯಾ ಪ್ಲೈವುಡ್ ಕಾರ್ಖಾನೆಗೆ, ಕಲಬೆರಕೆ ಹಾಲಿಗೆ ಹೋಗುತ್ತಿತ್ತು. ಕಹಿ ಹಚ್ಚಿದರೆ ಆ ದಾರಿ ಕಷ್ಟವಾಗುತ್ತದೆ. ಕಾನೂನು ಮಾಡಲಾಗದ ಕಾವಲನ್ನು ಬೇವಿನಿಂದ ಮಾಡಿಸುವ ಯೋಚನೆ. ಎಷ್ಟು ಮಟ್ಟಿಗೆ ಫಲಿಸಿತೆಂದು ಅಂಗಡಿಯವರನ್ನು ಕೇಳಿದರೆ ನಗುತ್ತಾರೆ.

ಅಂಗಡಿ ಸಾಲು ದಾಟಿ ಹೊಲದ ದಾರಿ ಹಿಡಿದರೆ ಒಡ್ಡಿನ ಮೇಲೆ ಬೇವಿನ ಗಿಡಗಳು. ನಮ್ಮ ಕಡೆ ಎಷ್ಟೇ ದೊಡ್ಡದಿದ್ದರೂ ಅದು ಗಿಡವೇ. ಜೂನ್ ಹೊತ್ತಿಗೆ ಹಣ್ಣು ಪಕ್ವ. ಹಸಿರು ಹಳದಿಗೆ ತಿರುಗಿ, ಮೈತುಂಬಾ ಅಂಟು. ಕಾಗೆ, ಗೊರವಂಕ ಹಗಲು ತಿಂದರೆ ಬಾವಲಿಗೆ ರಾತ್ರಿಯ ಪಾಳಿ. ಸಿಪ್ಪೆ, ತಿರುಳು ತಿಂದು ಬೀಜ ಉದುರಿಸುತ್ತವೆ. ಬುಡದಲ್ಲಿ ಹೆಜ್ಜೆ ಇಟ್ಟರೆ ಜಾರುತ್ತದೆ. ಸಿಹಿಯೂ ಅಲ್ಲದ, ಕೊಳೆತದ್ದೂ ಅಲ್ಲದ ಒಂದು ದಟ್ಟ ವಾಸನೆ ಮೂಗಿಗೆ ಹತ್ತುತ್ತದೆ.

ಅಂಥ ಒಂದು ಗಿಡದ ಕೆಳಗೆ ಮೂವರು ಹೆಣ್ಣುಮಕ್ಕಳು ಬಾಗಿ ಆಯುತ್ತಿದ್ದರು. ಸೀರೆಯ ಕಚ್ಚೆ ಬಿಗಿದು, ತಲೆಗೆ ಟಾವೆಲು ಸುತ್ತಿ, ಉಡಿಯಲ್ಲಿ ಬೀಜ ತುಂಬಿಕೊಂಡಿದ್ದರು. ಕಟ್ಟೆಯ ಮೇಲೆ ಕೂತ ಮುತ್ಯಾ ಅವರ ಕೆಲಸಕ್ಕೆ ಬರೀ ಬಾಯಿ ಹಾಕುತ್ತಿದ್ದ. "ಮಣ್ಣಾಗ ಬಿದ್ದು ಕರ‍್ರಗಾದದ್ದು ತಗೋಬ್ಯಾಡ್ರಿ. ಅದರಾಗ ಏನೂ ಇರಂಗಿಲ್ಲ." ನಂಬದೆ ನೋಡಿದ ನನಗೆ ಎರಡು ಬೀಜ ತೋರಿಸಿದ. ಒಂದನ್ನು ಕಲ್ಲಿನಿಂದ ಕುಟ್ಟಿದಾಗ ಬಿಳಿ ಚಿಪ್ಪು ಟಪ್ಪೆಂದು ಒಡೆದು ಒಳಗಿನ ಬೀಜ ಹೊರಬಿತ್ತು. ಕಂದು ಪೊರೆ, ಅದರ ಕೆಳಗೆ ಎಳೆ ಹೆಸರುಕಾಳಿನಂಥ ಹಸಿರು. ಬೆರಳಲ್ಲಿ ಒತ್ತಿದರೆ ಎಣ್ಣೆ ಜಿನುಗಿತು. ಎರಡನೆಯದರಲ್ಲಿ ಕಪ್ಪು ಬೂದು ಪುಡಿ. "ಮ್ಯಾಲಿಂದ ಎರಡೂ ಒಂದೇ ಕಾಣ್ತಾವ ನೋಡ್ರಿ," ಎಂದು ಪುಡಿ ಊದಿಬಿಟ್ಟ.

ಒಣಗಿಸುವುದರಲ್ಲೂ ಕ್ರಮವಿದೆ. ಹಣ್ಣನ್ನು ನೀರಿನಲ್ಲಿ ತಿಕ್ಕಿ ತಿರುಳು ತೆಗೆದು, ಬೀಜವನ್ನು ನೆರಳಲ್ಲಿ ಹರಡಬೇಕು. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ, ಆದರೆ ಶಕ್ತಿ ಹೋಗುತ್ತದೆ ಎಂಬುದು ಇಲ್ಲಿನವರ ಮಾತು. ಪ್ರಯೋಗಾಲಯವೂ ಅದನ್ನೇ ಹೇಳುತ್ತದೆ. ಬೇವಿನ ಬೀಜದಲ್ಲಿ ಕೀಟಕ್ಕೆ ಮುಖ್ಯ ಮಾರಕವಾದ ಅಜಾಡಿರಾಕ್ಟಿನ್ ಬಿಸಿಲಿನ ಅತಿನೇರಳೆ ಕಿರಣಕ್ಕೆ ಒಡೆದುಹೋಗುತ್ತದೆ. ಕಷಾಯವನ್ನು ಸಂಜೆ ಹೊತ್ತು ಸಿಂಪಡಿಸಿ ಎಂದು ಕೃಷಿ ವಿಜ್ಞಾನಿಗಳು ಹೇಳುವುದೂ ಇದಕ್ಕೇ.

ಈ ಒಂದು ಅಣುವಿನ ಬೆನ್ನು ಹತ್ತಿದವರ ಕಥೆ ದೊಡ್ಡದು. 1942ರಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಬೇವಿನೆಣ್ಣೆಯಿಂದ ನಿಂಬಿನ್ ಮೊದಲಾದ ಕಹಿ ವಸ್ತುಗಳನ್ನು ಬೇರ್ಪಡಿಸಿದರು. 1959ರಲ್ಲಿ ಸುಡಾನಿನಲ್ಲಿ ಮಿಡತೆ ದಂಡು ಬಿದ್ದು ಹಸಿರೆಲ್ಲ ಬೋಳಾದಾಗ ಬೇವಿನ ಗಿಡಗಳು ಮಾತ್ರ ಉಳಿದದ್ದನ್ನು ಜರ್ಮನಿಯ ಹೈನ್ರಿಚ್ ಶ್ಮುಟ್ಟರರ್ ಕಂಡರು. ಮೂರು ವರ್ಷದ ನಂತರ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯ ಎಸ್. ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜದ ಪುಡಿ ಕಲಸಿದ ನೀರನ್ನು ಬೆಳೆಗೆ ಹೊಡೆದು, ಮಿಡತೆ ಬಂದು ಕೂತರೂ ತಿನ್ನದೆ ಹೋಗುವುದನ್ನು ತೋರಿಸಿದರು. 1968ರಲ್ಲಿ ಇಂಗ್ಲೆಂಡಿನಲ್ಲಿ ಬಟರ್‌ವರ್ತ್, ಮಾರ್ಗನ್ ಅದಕ್ಕೆ ಕಾರಣವಾದ ವಸ್ತುವನ್ನೇ ಬೇರ್ಪಡಿಸಿ ಹಿಡಿದರು. ಅದರ ನಿಜವಾದ ಆಕಾರ ತಿಳಿಯಲು ಮತ್ತೆ ಹದಿನೇಳು ವರ್ಷ ಬೇಕಾಯಿತು. 35 ಇಂಗಾಲ, 44 ಜಲಜನಕ, 16 ಆಮ್ಲಜನಕ: ಹೇಳಲು ಇಷ್ಟೇ, ಆದರೆ ಅವು ಒಂದಕ್ಕೊಂದು ಹೆಣೆದುಕೊಂಡ ರೀತಿ ರಸಾಯನಶಾಸ್ತ್ರಜ್ಞರ ನಿದ್ದೆಗೆಡಿಸಿತು.

ಕೇಂಬ್ರಿಜ್‌ನ ಸ್ಟೀವನ್ ಲೇ ಅವರ ತಂಡ ಅದನ್ನು ಗಾಜಿನ ಬುರುಡೆಯಲ್ಲಿ ಕಟ್ಟಿ ಮುಗಿಸಿದ್ದು 2007ರಲ್ಲಿ. ಇಪ್ಪತ್ತೆರಡು ವರ್ಷದ ಕೆಲಸ. ಎಪ್ಪತ್ತರ ಆಸುಪಾಸು ಹೆಜ್ಜೆ. ವಿದ್ಯಾರ್ಥಿಗಳ ಎಷ್ಟೋ ತಂಡ ಬಂದು ಹೋದವು. ಕೊನೆಗೆ ಕೈಗೆ ಸಿಕ್ಕದ್ದು ಕಣ್ಣಿಗೆ ಕಾಣದಷ್ಟು. ಔಷಧಿ ಮಾಡಲು ಅಲ್ಲ, ಮಾಡಲು ಬರುತ್ತದೆ ಎಂದು ತೋರಿಸಲು ಅಷ್ಟು ದುಡಿದರು. ಅದೇ ಅಣುವನ್ನು ಒಡ್ಡಿನ ಮೇಲಿನ ಗಿಡ ಯಾರೂ ಕೇಳದೆ ವರ್ಷಕ್ಕೊಮ್ಮೆ ಬುಟ್ಟಿಗಟ್ಟಲೆ ಉದುರಿಸುತ್ತದೆ.

ಗಿಡ ಅದನ್ನು ಹೇಗೆ ಮಾಡುತ್ತದೆ ಎಂಬ ಪ್ರಶ್ನೆ ಈಗ ಬಿಸಿಯಾಗಿದೆ. 2012ರಲ್ಲಿ ಬೆಂಗಳೂರಿನ ಗಣಿತ್ ಲ್ಯಾಬ್ಸ್ ತಂಡ ಬೇವಿನ ಜೀನೋಮಿನ ಮೊದಲ ಕರಡು ಪ್ರಕಟಿಸಿತು. ಬೇವಿನ ದಾಯಾದಿಯಾದ ಹುಚ್ಚುಬೇವನ್ನೂ ನಿಂಬೆಯ ಜಾತಿಯ ಗಿಡಗಳನ್ನೂ ಹಿಡಿದು, ಇಂಗ್ಲೆಂಡಿನ ಜಾನ್ ಇನ್ನೆಸ್ ಕೇಂದ್ರ ಮತ್ತು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ವಿಜ್ಞಾನಿಗಳು 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು: ಈ ಕಹಿ ವಂಶದ ಅಣುಗಳ ಮೊದಲ ಮೆಟ್ಟಿಲುಗಳನ್ನು ಕಟ್ಟುವ ಕಿಣ್ವಗಳು ಸಿಕ್ಕಿವೆ, ತಂಬಾಕಿನ ಜಾತಿಯ ಇನ್ನೊಂದು ಗಿಡದಲ್ಲಿ ಅವನ್ನು ಕೂಡಿಸಿ ಕೆಲಸ ಮಾಡಿಸಿದ್ದೇವೆ. ಅಜಾಡಿರಾಕ್ಟಿನ್‌ವರೆಗಿನ ಏಣಿ ಅಲ್ಲಿ ಮುಗಿದಿಲ್ಲ. ಮುಗಿದ ದಿನ ಬೀಜ ಆಯುವ ಕೆಲಸದ ಗತಿ ಏನಾದೀತು ಎಂಬುದನ್ನು ಯಾವ ಪ್ರಬಂಧವೂ ಚರ್ಚಿಸುವುದಿಲ್ಲ. ಅದು ಅವರ ವಿಷಯ ಅಲ್ಲ ಎನ್ನಬಹುದು, ನಿಜ.

"ಕೀಡಿ ಇದನ್ನ ತಿಂದ್ರ ಕೂಡ್ಲೇ ಸಾಯಂಗಿಲ್ರೀ," ಎಂದ ಮುತ್ಯಾ. "ಬಾಯಿ ಕಟ್ತದ. ಪೊರಿ ಬಿಡೋದು ನಿಲ್ತದ. ಆಮ್ಯಾಲ ಹಂಗೇ ಒಣಗಿ ಬೀಳ್ತದ." ಹುಳು ಬೆಳೆಯಬೇಕಾದರೆ ಹಳೆಯ ಪೊರೆ ಕಳಚಬೇಕು, ಅದಕ್ಕೆ ಬೇಕಾದ ಹಾರ್ಮೋನನ್ನು ಅಜಾಡಿರಾಕ್ಟಿನ್ ಕೆಡಿಸುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಹೊಲದಲ್ಲಿ ಕಂಡವನ ಮಾತಿಗೂ ಪುಸ್ತಕಕ್ಕೂ ಭಾಷೆಯಷ್ಟೇ ಬೇರೆ. ಆದರೆ ಆತನ ಮಾತಿನಲ್ಲಿ ದೂರೂ ಇತ್ತು: "ಕೂಡ್ಲೇ ಸಾಯಂಗಿಲ್ಲ ಅಂತನೇ ಹುಡುಗ್ರು ಹೊಡ್ಯಂಗಿಲ್ಲ. ಮುಂಜಾನಿ ಹೋಗಿ ನೋಡಿದ್ರ ಕೀಡಿ ಸತ್ತು ಬಿದ್ದಿರಬೇಕು ಅವರಿಗೆ."

ಕೀಡಿ ಎಂದರೆ ಇಲ್ಲಿ ತೊಗರಿಯ ಕಾಯಿಕೊರಕ. ಅದರ ಮಾತು ಬಂದಾಗ ವಯಸ್ಸಾದವರು 1997-98ರ ಹಂಗಾಮನ್ನು ನೆನೆಯುತ್ತಾರೆ. ಆ ವರ್ಷ ತೊಗರಿ ಕೈಕೊಟ್ಟಿತು. ಸಾಲ ತಂದು ಹೊಡೆದ ಔಷಧಕ್ಕೆ ಹುಳು ಬಗ್ಗಲಿಲ್ಲ. ಬೀದರ ಜಿಲ್ಲೆಯಲ್ಲಿ ರೈತರ ಆತ್ಮಹತ್ಯೆಗಳು ನಾಡಿನ ಸುದ್ದಿಯಾದವು. ಬೆಂಗಳೂರಿನ ವಿದ್ವಾಂಸೆ ಎ.ಆರ್. ವಾಸವಿ ಇಲ್ಲಿನ ಹಳ್ಳಿಗಳ ಸಂಕಟವನ್ನು ಅಭ್ಯಾಸ ಮಾಡಿ 1999ರಲ್ಲಿ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಬರೆದರು. ಮಾರುಕಟ್ಟೆ, ಸರ್ಕಾರ, ಸಾವು ಈ ಮೂರನ್ನೂ ಒಟ್ಟಿಗಿಟ್ಟು ನೋಡಿದ ಬರಹ ಅದು. ರೈತರ ಸಾವನ್ನು ಕುರಿತ ಈಚಿನ ಬರಹಗಳಲ್ಲಿ ಬೀದರದ ಹೆಸರು ಹಾಗೆ ಸೇರಿತು. ಇಂಥ ಕಾರಣಕ್ಕೆ ಊರಿನ ಹೆಸರು ಪುಸ್ತಕ ಸೇರುವುದು ಯಾರಿಗೆ ಬೇಕು.

ಬೇವಿನ ಬೀಜದ ಕಷಾಯ ಆ ಸಂಕಟಕ್ಕೆ ಮದ್ದಾಗುತ್ತಿತ್ತು ಎಂದು ನಾನು ಹೇಳುವುದಿಲ್ಲ. ದೊಡ್ಡ ಹುಳು ಕಾಯಿಯೊಳಗೆ ಸೇರಿದ ಮೇಲೆ ಕಷಾಯದಿಂದ ಏನೂ ಆಗುವುದಿಲ್ಲ. ಮೊಟ್ಟೆ, ಸಣ್ಣ ಮರಿ ಇದ್ದಾಗಲೇ ಹೊಡೆಯಬೇಕು. ಕೃಷಿ ಇಲಾಖೆಯ ಶಿಫಾರಸು ನೂರಕ್ಕೆ ಐದು: ಐದು ಕಿಲೋ ಬೀಜದ ಪುಡಿಯನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಬಟ್ಟೆಯಲ್ಲಿ ಹಿಂಡಿ, ನೂರು ಲೀಟರ್ ಮಾಡಿ, ಎಲೆಗೆ ಹತ್ತಲೆಂದು ಸ್ವಲ್ಪ ಸೋಪಿನ ಪುಡಿ ಹಾಕಿ ಹೊಡೆಯುವುದು. ಬರೆಯಲು ಮೂರು ಸಾಲು. ಆದರೆ ಐದು ಕಿಲೋ ಬೀಜದ ಪುಡಿಗೆ ಎಷ್ಟು ಆಯಬೇಕು, ಎಷ್ಟು ತೊಳೆಯಬೇಕು, ಎಷ್ಟು ಚಿಪ್ಪು ಒಡೆಯಬೇಕು? ಗಿಡದ ಕೆಳಗೆ ಬಾಗಿದ್ದವರಲ್ಲಿ ಹಿರಿಯಾಕೆ ನಡು ನೆಟ್ಟಗೆ ಮಾಡಿ ಹೇಳಿದಳು: "ಮೀಟಿಂಗಿಗೆ ಬಂದ ಸಾಹೇಬ್ರು ಖರ್ಚಿಲ್ಲದ ಔಷಧ ಅಂತಾರ. ಆರಿಸೋರು ನಾವು, ಕುಟ್ಟೋರು ನಾವು, ಹಿಂಡೋರು ನಾವು. ನಮ್ಮದು ಖರ್ಚಲ್ಲೇನ್ರೀ?"

ಅದಕ್ಕೆ ಮುತ್ಯಾ ಕೂಡ ಸುಮ್ಮನಾದ.

ಅಂಗಡಿಯಲ್ಲಿ ಇದೇ ಬೇವು ಬಾಟಲಿಯಲ್ಲೂ ಸಿಗುತ್ತದೆ. ಮೇಲೆ 300, 1500, 10,000 ಪಿಪಿಎಂ ಎಂದು ಅಜಾಡಿರಾಕ್ಟಿನ್ ಪ್ರಮಾಣ ಬರೆದಿರುತ್ತಾರೆ. ಮಾರಬೇಕಾದರೆ 1968ರ ಕೀಟನಾಶಕ ಕಾಯ್ದೆಯಂತೆ ನೋಂದಣಿ ಬೇಕು. ತನ್ನ ಸ್ವಂತ ಹೊಲಕ್ಕೆ ಬಳಸಿಕೊಳ್ಳುವವನಿಗೆ ಅದೇ ಕಾಯ್ದೆ ವಿನಾಯಿತಿ ಕೊಟ್ಟಿದೆ.

ಕಾನೂನು ಈ ಗಿಡದ ಹತ್ತಿರ ಬಂದದ್ದರಲ್ಲಿ ದೊಡ್ಡ ಪ್ರಸಂಗ ಮಾತ್ರ ಬೇರೆ. 1994ರಲ್ಲಿ ಯುರೋಪಿನ ಪೇಟೆಂಟ್ ಕಚೇರಿ ಅಮೆರಿಕದ ಕೃಷಿ ಇಲಾಖೆಗೂ ಡಬ್ಲ್ಯು.ಆರ್. ಗ್ರೇಸ್ ಕಂಪನಿಗೂ ಒಂದು ಪೇಟೆಂಟ್ ಕೊಟ್ಟಿತು. ಬೇವಿನೆಣ್ಣೆಯಿಂದ ಗಿಡಗಳ ಬೂಷ್ಟು ರೋಗ ತಡೆಯುವ ವಿಧಾನ ತಮ್ಮದು ಎಂಬುದು ಅದರ ಸಾರ. ಗ್ರೇಸ್ ಕಂಪನಿಯ ಪಾಲುದಾರಿಕೆಯಲ್ಲಿ ನಮ್ಮ ತುಮಕೂರಿನಲ್ಲೇ ಬೇವಿನ ಬೀಜ ಸಂಸ್ಕರಿಸುವ ಕಾರ್ಖಾನೆ ನಡೆಯುತ್ತಿತ್ತು. ಟನ್ನಿಗೆ 300 ರೂಪಾಯಿಗೆ ಸಿಗುತ್ತಿದ್ದ ಬೀಜ 3,000 ದಾಟಿತು, ಬಡವರಿಗೆ ಎಟುಕದಾಯಿತು ಎಂದು ಹೋರಾಟಗಾರರು ಬರೆದರು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ 1993ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ರೈತರನ್ನು ಸೇರಿಸಿದ್ದು ಬೀಜ, ಸಸ್ಯಗಳ ಮೇಲಿನ ಇಂಥ ಹಕ್ಕುಗಳ ವಿರುದ್ಧವೇ.

ವಂದನಾ ಶಿವ, ಯುರೋಪಿನ ಹಸಿರು ಪಕ್ಷದ ಮಾಗ್ಡಾ ಆಲ್ವೂಟ್, ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟದ ಪರವಾಗಿ ಲಿಂಡಾ ಬುಲ್ಲಾರ್ಡ್ 1995ರಲ್ಲಿ ತಕರಾರು ಸಲ್ಲಿಸಿದರು. ಐದು ವರ್ಷದ ಮೇಲೆ ಮ್ಯೂನಿಕ್‌ನಲ್ಲಿ ವಿಚಾರಣೆ. ಬೇವು ನಮ್ಮ ಪುರಾತನ ಆಸ್ತಿ, ಯುಗಾದಿಗೆ ಕುಡಿಯುತ್ತೇವೆ, ಜೋಳದ ಕಣಜಕ್ಕೆ ತೊಪ್ಪಲು ಹಾಕುತ್ತೇವೆ ಎಂದರೆ ಆ ಕೋಣೆಯಲ್ಲಿ ಸಾಲದು. ಪೇಟೆಂಟಿನಲ್ಲಿ ಹೇಳಿದ ಅದೇ ಕೆಲಸ ಅರ್ಜಿಗೆ ಮೊದಲೇ ಆಗಿತ್ತೇ, ಯಾರು, ಎಲ್ಲಿ, ಹೇಗೆ ಮಾಡಿದರು? ಬೀಜದಿಂದ ಎಣ್ಣೆ ತೆಗೆದು ಬೆಳೆಗಳ ಮೇಲೆ ಪ್ರಯೋಗಿಸಿದ್ದ ಭಾರತದ ಒಂದು ಕಾರ್ಖಾನೆಯ ವ್ಯವಸ್ಥಾಪಕರು ಹೋಗಿ ಸಾಕ್ಷಿ ಹೇಳಿದರು. 2000ದ ಮೇ 10ರಂದು ಪೇಟೆಂಟ್ ರದ್ದಾಯಿತು. ಇದರಲ್ಲಿ ಹೊಸತನವಿಲ್ಲ ಎಂಬುದು ಆ ತೀರ್ಪಿನ ತಿರುಳು. ಕಂಪನಿಯ ಮೇಲ್ಮನವಿಯೂ 2005ರ ಮಾರ್ಚ್ 8ರಂದು ಬಿದ್ದುಹೋಯಿತು. ಇದಕ್ಕೂ ಮೊದಲು ಅರಿಸಿನದ ಪೇಟೆಂಟನ್ನು ಅಮೆರಿಕದಲ್ಲಿ 1997ರಲ್ಲಿ ರದ್ದು ಮಾಡಿಸಿದ್ದು ಹಳೆಯ ಬರಹಗಳ ಸಾಕ್ಷ್ಯದಿಂದ.

ನಾವು ಗೆದ್ದೆವು ಎಂದು ಎದೆ ಉಬ್ಬಿಸುವಾಗ ಈ ಸಾಕ್ಷಿಯ ಸಂಗತಿಯನ್ನು ಸ್ವಲ್ಪ ಯೋಚಿಸಬೇಕು. ಗೆಲ್ಲಿಸಿದ್ದು ದಾಖಲೆ ಇಡಬಲ್ಲ, ಮ್ಯೂನಿಕ್‌ಗೆ ಹೋಗಬಲ್ಲ ಜನ. ಕರ‍್ರಗಾದ ಬೀಜ ತಗೋಬ್ಯಾಡ್ರಿ ಎನ್ನುವ ಮುತ್ಯಾನ ತಿಳುವಳಿಕೆಗೆ ತಾರೀಖಿಲ್ಲ, ಸಹಿ ಇಲ್ಲ.

ಅದಕ್ಕೂ ಒಂದು ಪುಸ್ತಕ ಇರಲಿ ಎಂದು 2002ರ ಜೀವವೈವಿಧ್ಯ ಕಾಯ್ದೆ ಬಂತು. ಪಂಚಾಯಿತಿ ಮಟ್ಟದಲ್ಲಿ ಸಮಿತಿ, ಅದರ ಕೈಯಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ. ಊರಿನ ಗಿಡ, ಪ್ರಾಣಿ, ಅವುಗಳ ಬಗ್ಗೆ ಊರವರಿಗೆ ಗೊತ್ತಿರುವುದು ಎಲ್ಲ ಅದರಲ್ಲಿ ಬರೆಯಬೇಕು. ಈ ಕಲ್ಪನೆಯನ್ನು ಬೆಳೆಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳ್ ಮುಖ್ಯರು. ವರ್ಷಗಟ್ಟಲೆ ಕೆಲಸ ಸಾಗಲಿಲ್ಲ. 2020ರ ಜನವರಿ ಒಳಗೆ ಮುಗಿಸದ ರಾಜ್ಯಗಳಿಗೆ ತಿಂಗಳಿಗೆ ಹತ್ತು ಲಕ್ಷ ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದ್ದೇ ತಡ, ದೇಶದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ದಾಖಲಾತಿಗಳು ಸಿದ್ಧವಾದವು. ಅವಸರದಲ್ಲಿ ತುಂಬಿದ ಪುಸ್ತಕದಲ್ಲಿ ಬೇವಿನ ಹೆಸರು ಸೇರಬಹುದು, ನೆರಳಲ್ಲಿ ಒಣಗಿಸುವ ಮಾತು ಸೇರುವುದು ಕಷ್ಟ. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಜೈಲಿನ ಬದಲು ದಂಡ ಬಂತು, ಗ್ರಂಥಗಳಲ್ಲಿ ಬರೆದಿಟ್ಟ ಪರಂಪರೆಯ ಜ್ಞಾನ ಬಳಸುವವರಿಗೆ ಲಾಭ ಹಂಚಿಕೆಯಲ್ಲಿ ಸಡಿಲಿಕೆ ಸಿಕ್ಕಿತು. ಆಯುರ್ವೇದದ ಗ್ರಂಥದಲ್ಲಿ ಇಲ್ಲದ ಗಿಡ ಯಾವುದು ಎಂದು ಹುಡುಕಿದರೆ ಈ ಸಡಿಲಿಕೆಯ ಅಗಲ ತಿಳಿಯುತ್ತದೆ.

ವೈದ್ಯದ ಕಡೆ ನೋಡಿದರೆ ಬೇವಿಗೆ ಹೊಗಳಿಕೆ ಜಾಸ್ತಿ, ಪರೀಕ್ಷೆ ಕಡಿಮೆ. ಕೆಲವು ಚೆನ್ನಾಗಿ ನಡೆದಿವೆ. ಬೇವಿನ ಎಲೆಯ ಸಾರದ ಜೆಲ್ ಹಲ್ಲಿನ ಪಾಚಿಯನ್ನು ಎಷ್ಟು ತಡೆಯುತ್ತದೆಂದು ಮಣಿಪಾಲದ ಸಂಶೋಧಕರು ಆರು ವಾರ ಜನರ ಮೇಲೆ ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ದಂತವೈದ್ಯರು ಬರೆದುಕೊಡುವ ಕ್ಲೋರ್‌ಹೆಕ್ಸಿಡಿನ್ ಪಕ್ಕದಲ್ಲಿಟ್ಟು ನೋಡಿದಾಗಲೂ ಅದರ ಫಲ ಚೆನ್ನಾಗಿಯೇ ಬಂತು. ಬೇವಿನ ಕಡ್ಡಿ ಕಚ್ಚುವವರಿಗೆ ಇದು ಹೊಸ ಸುದ್ದಿಯಲ್ಲ. ಇನ್ನೊಂದು ಸುದ್ದಿ ಮಾತ್ರ ಎಲ್ಲರಿಗೂ ಗೊತ್ತಿರಬೇಕು. ಬೇವಿನೆಣ್ಣೆ ಕುಡಿಸಿದ ಹಸುಗೂಸುಗಳಿಗೆ ವಾಂತಿ, ಮಂಪರು, ಸೆಳೆತ ಬಂದು ಮಿದುಳು, ಯಕೃತ್ತಿಗೆ ಪೆಟ್ಟಾದದ್ದನ್ನು ಮಲೇಷ್ಯಾದ ವೈದ್ಯರು 1981ರಲ್ಲಿ 'ಲ್ಯಾನ್ಸೆಟ್'ನಲ್ಲಿ ದಾಖಲಿಸಿದ್ದಾರೆ. ಮನೆಯಲ್ಲಿ ಮಗುವಿಗೆ ಅಮ್ಮ ಬಂದಾಗ ಬಾಗಿಲಿಗೆ ಬೇವಿನ ಟೊಂಗೆ ಕಟ್ಟುವುದು, ಹಾಸಿಗೆಗೆ ತೊಪ್ಪಲು ಹಾಸುವುದು ಒಳ್ಳೆಯದೇ. ನೆರೆಯವರು ಒಳಗೆ ಬರದಿರಲು ಅಷ್ಟು ಸಾಕು. ಎಣ್ಣೆ ಚಮಚದಲ್ಲಿ ಬಾಯಿಗೆ ಹೋಗಬಾರದು. ಗಿಡದ ಕೆಳಗಿನ ಹಿರಿಯಾಕೆಗೆ ಇದನ್ನು ಹೇಳಿದೆ. "ಕೂಸಿಗ್ಯಾರು ಎಣ್ಣಿ ಕುಡಿಸ್ತಾರ," ಎಂದು ಬೈದಳು. ತುಸು ಹೊತ್ತಿನ ಮೇಲೆ ತಾನೇ, "ಕುಡಿಸ್ತಿದ್ರು ಬಿಡ್ರಿ ಮೊದಲ," ಎಂದಳು.

ಅಷ್ಟರಲ್ಲಿ ಬೀಜ ಕೊಳ್ಳುವವನ ಟಂಟಂ ಬಂತು. ಈತ ಹಳ್ಳಿ ಹಳ್ಳಿ ತಿರುಗಿ ಚೀಲ ತುಂಬಿ ದೊಡ್ಡ ವ್ಯಾಪಾರಿಗೆ ಮುಟ್ಟಿಸುವವನು. ಅಲ್ಲಿಂದ ಅದು ಎಣ್ಣೆಯ ಗಿರಣಿಗೆ, ಸೋಪಿಗೆ, ಬಾಟಲಿಗೆ, ಯೂರಿಯಾ ಕಾರ್ಖಾನೆಗೆ. ಹಿಂದಿನ ವಾರ ಆರಿಸಿ ಒಣಗಿಸಿದ ಬೀಜದ ಚೀಲವನ್ನು ಹೆಣ್ಣುಮಕ್ಕಳು ಎಳೆದು ತಂದರು. ಆತ ಕೈ ಹಾಕಿ ತಳದಿಂದ ಒಂದು ಹಿಡಿ ತೆಗೆದು, ಕಚ್ಚಿ ನೋಡಿ, ಉಗುಳಿದ.

"ಹಸಿ ಅವ ಅಕ್ಕಾ. ತೂಕ ಕಟ್ ಮಾಡಬೇಕಾಗ್ತದ."

"ನಾಲ್ಕು ದಿನ ನೆಳ್ಳಾಗ ಹರವಿ ಒಣಗ್ಸೀವಿ. ಹಸಿ ಎಲ್ಲಿಂದ ಬಂತು?"

"ಬಿಸಿಲಿಗಿ ಹಾಕಬೇಕಾಗಿತ್ತು."

"ಬಿಸಿಲಿಗಿ ಹಾಕಿದ್ರ ಅದರಾಗ ಏನ್ ಉಳೀತದ? ಕಟ್ ಮಾಡೋದಿದ್ರ ಬಿಡ್ರಿ, ಕುಟ್ಟಿ ನಮ್ಮ ತೊಗರಿಗೇ ಹೊಡೀತೀವಿ."

ಆತ ಮುತ್ಯಾನ ಮುಖ ನೋಡಿದ. ಮುತ್ಯಾ ಎಲೆಅಡಿಕೆಯ ಸಂಚಿ ಬಿಚ್ಚುತ್ತ ಬೇರೆ ಕಡೆ ತಿರುಗಿದ. ಟಂಟಂನವ ಕಾಟಾದ ಕೊಕ್ಕೆಗೆ ಚೀಲ ಸಿಕ್ಕಿಸಿ, ತೂಕ ಕಡಿಯದೆ, ಕಿಲೋಕ್ಕೆ ಎರಡು ರೂಪಾಯಿ ಏರಿಸಿ ರೊಕ್ಕ ಎಣಿಸತೊಡಗಿದ.